ಕೌದಿಯ ಹಸಿರು ತೇಪೆ

ಬಟ್ಟೆ ವ್ಯಾಪಾರಿ ಮುರಿಗೆಪ್ಪನ ಬೆರಳಿಗೆ ಮೋಸ ಮಾಡುವುದು ಸುಲಭವಿರಲಿಲ್ಲ. ಕಣ್ಣು ಮುಚ್ಚಿ ಸೀರೆಯ ಅಂಚು ಮುಟ್ಟಿದರೆ ಸಾಕು, ರೇಷ್ಮೆ ಎಷ್ಟು, ಹತ್ತಿ ಎಷ್ಟು ಎಂದು ಹೇಳಿಬಿಡುತ್ತಿದ್ದ. ಅದು ಅವನ ಜಾಣತನ. ಮನುಷ್ಯರನ್ನೂ ಹಾಗೆಯೇ ತಿಕ್ಕಿ ನೋಡುತ್ತಿದ್ದ. ಅದು ಅವನ ಕಾಯಿಲೆ.

ಅವನ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತಾಯಿ ಶರಣವ್ವ ತೀರಿಕೊಂಡಾಗ ಅವಳಿಗೆ ಎರಡೇ ವರ್ಷ. ತಾಯಿಯ ಮುಖವೂ ನೆನಪಿಲ್ಲ. ಉಳಿದದ್ದು ಒಂದು ಪೆಟ್ಟಿಗೆ ಹಳೆಯ ಬಟ್ಟೆ, ಅದರಲ್ಲೊಂದು ಇಳಕಲ್ ಸೀರೆ. ಅದರ ಕೆಂಪು ರೇಷ್ಮೆಯ ಸೆರಗನ್ನು ಕಸ್ತೂರಿ ಆಗಾಗ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು.

"ಅಪ್ಪಾ, ಇವನ್ನೆಲ್ಲಾ ಕೂಡಿಸಿ ಕೂಸಿಗೊಂದು ಕೌದಿ ಹೊಲಸೋಣು," ಎಂದಳು.

ಆ ಹಾಸುಹೊದಿಕೆ ಹೊಲಿಯಲು ಫಕೀರವ್ವ ಬಂದಳು. ಶರಣವ್ವನ ಗೆಳತಿ ಅವಳು. ಅವಳ ಕೆಲಸಕ್ಕೊಂದು ಪದ್ಧತಿಯಿತ್ತು. ತುಂಡುಗಳನ್ನು ಜೋಡಿಸಿ ಹಾಸಿ, ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತು ಸುತ್ತಾಗಿ ನಡುವಿಗೆ ಬರುವಳು. ಜೊತೆಗೆ ಆ ಬಟ್ಟೆ ಉಟ್ಟವರ ಕತೆ ಹೇಳುವಳು. ಸೂಜಿ ನಡುವಿಗೆ ಮುಟ್ಟಿದಾಗ ಕತೆಯೂ ಮುಗಿಯಬೇಕು. ಕತೆ ನಿಂತರೆ ಸೂಜಿಯೂ ನಿಲ್ಲುತ್ತಿತ್ತು.

ಮುರಿಗೆಪ್ಪನ ಅಂಗಡಿ ಮನೆಯ ಮುಂದಿನ ಭಾಗದಲ್ಲೇ ಇತ್ತು. ಗಿರಾಕಿಗಳ ನಡುವೆ ಅವನ ಕಿವಿ ಒಳಗಿನ ಮಾತಿನ ಮೇಲೆಯೇ. ಮೂರನೆಯ ದಿನ ಫಕೀರವ್ವ ಹೇಳುತ್ತಿದ್ದಳು:

"ನೀ ಹುಟ್ಟೋ ಹೊತ್ತಿನ್ಯಾಗ ನಿಮ್ಮವ್ವ ಹಾಡಾಕತ್ತಿದ್ಲು ನೋಡು, ಮಗಳ."

"ಏ ಫಕೀರವ್ವ!" ಮುರಿಗೆಪ್ಪ ಗಾದಿಯ ಮೇಲಿಂದಲೇ ಕೂಗಿದ. "ನಾ ಬಾಗಿಲದಾಗ ನಿಂತಿದ್ದೆ. ಚೀರೋದು ಕೇಳೇನಿ, ಹಾಡಲ್ಲ."

"ನೀವು ಬಾಗಿಲ ಹೊರಗ ನಿಂತಿದ್ರಿ, ಸಾವ್ಕಾರ್ರ. ಆಕಿ ಕೈ ಹಿಡದು ಒಳಗ ಕುಂತಾಕಿ ನಾನು. ಚೀರಿದ್ದೂ ಖರೆ, ನಡುನಡುವ ಹಾಡಿದ್ದೂ ಖರೆ. ರಾಗ ಮಾತ್ರ ಕೇಳಬ್ಯಾಡ್ರಿ!"

ಕಸ್ತೂರಿ ನಕ್ಕಳು. ಹೆರಿಗೆಯ ಭಯ ಹೊತ್ತು ಬಂದವಳು ಅಂದೇ ಮೊದಲ ಸಲ ನಕ್ಕದ್ದು. ಮುರಿಗೆಪ್ಪ ಅದನ್ನು ಗಮನಿಸಲಿಲ್ಲ. ಕತೆಗೆ ಇಷ್ಟು ಸುಲಭವಾಗಿ ತನ್ನದು ಸೇರಿಸುವವಳು ಬಟ್ಟೆಯಲ್ಲಿ ಏನೇನು ಮಾಡಿರಬಹುದು ಎಂದು ಯೋಚಿಸತೊಡಗಿದ್ದ.

ಮರುದಿನ ಮಧ್ಯಾಹ್ನ ಫಕೀರವ್ವ ಊಟಕ್ಕೆ ಮನೆಗೆ ಹೋದಳು. ಕಸ್ತೂರಿ ಮಲಗಿದ್ದಳು. ಕೌದಿಯ ನಡುವೆ ಅಂಗೈ ಅಗಲದಷ್ಟು ಮಾತ್ರ ಹೊಲಿಯುವುದು ಉಳಿದಿತ್ತು. ಮುರಿಗೆಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಒಂದು ಮೂಲೆಯಲ್ಲಿ ಹಸಿರು ತೇಪೆ. ಆ ಬಣ್ಣದ ಬಟ್ಟೆ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಕೆಂಪು ಸೆರಗು? ಮುಂದೆ ನೋಡಿದ, ಹಿಂದೆ ನೋಡಿದ. ಎಲ್ಲೂ ಇಲ್ಲ.

"ಹಸಿರು ಚಿಂದಿ ಹಚ್ಚಿ ರೇಷ್ಮಿ ಹೊಡಕೊಂಡಾಳ," ಎಂದುಕೊಂಡ.

ನಡುಭಾಗ ಮುಟ್ಟಿದಾಗ ಒಳಗೆ ಏನೋ ದಪ್ಪಗೆ ಸಿಕ್ಕಿತು. ಕಣ್ಣು ಮುಚ್ಚಿ ರೇಷ್ಮೆ ಗುರುತಿಸುವ ಬೆರಳು ಅಂದು ಏನನ್ನೂ ಹೇಳಲಿಲ್ಲ. ಒಳಗೂ ಚಿಂದಿಯನ್ನೇ ತುಂಬಿದ್ದಾಳೆ ಎಂದು ಮನಸ್ಸು ಮೊದಲೇ ತೀರ್ಪು ಕೊಟ್ಟಾಗಿತ್ತು.

ಕೇಳಬಹುದಿತ್ತು. ಊಟ ಮುಗಿಸಿ ಬರಲು ಅವಳಿಗೆ ಅರ್ಧ ಗಂಟೆ ಸಾಕಿತ್ತು. ಮುರಿಗೆಪ್ಪ ಕೇಳಲಿಲ್ಲ. ಅಂಗಡಿಯ ಕತ್ತರಿ ತಂದು ನಡುವಿಗೆ ಹಾಕಿದ.

ಒಳಗೆ ಕೆಂಪು ಸೆರಗು ಇತ್ತು. ಒಂದು ಎಳೆಯೂ ಕತ್ತರಿಸದೆ, ಅಗಲವಾಗಿ ಹಾಸಿಟ್ಟ ಸೆರಗು. ಈಗ ಕತ್ತರಿಯ ಬಾಯಿ ಅದರ ನಡುವೆಯೇ ಹಾದುಹೋಗಿತ್ತು. ಹಳೆಯ ರೇಷ್ಮೆ, ಹೊಲಿಗೆಯ ಆಸರೆಯಲ್ಲಿ ಜೀವ ಹಿಡಿದಿತ್ತು. ಗಾಬರಿಯಿಂದ ಎಳೆದ. ಅದು ಎಳೆ ಎಳೆಯಾಗಿ ಕೈಗೆ ಬಂತು.

ಫಕೀರವ್ವ ಬಂದು ಬಾಗಿಲಲ್ಲಿ ನಿಂತಳು. ಕಸ್ತೂರಿಗೂ ಎಚ್ಚರವಾಯಿತು.

"ಅಪ್ಪಾ! ಏನ್ ಮಾಡಿದ್ರಿ?"

"ಸೆರಗು ಒಳಗ್ಯಾಕ ಇಟ್ಟಿ? ಹೇಳಬೇಕೋ ಬ್ಯಾಡೋ?" ಮುರಿಗೆಪ್ಪ ಆಗಲೂ ಫಕೀರವ್ವನ ಮೇಲೆಯೇ ಹಾಯ್ದ.

"ಮ್ಯಾಲ ಇಟ್ರ ನಾಕ ದಿನದಾಗ ತಿಕ್ಕಿ ತಿಕ್ಕಿ ಹೋಗತೈತ್ರಿ. ನಡು ಅಂದ್ರ ಕೂಸು ಮಲಗೋ ಜಾಗ. ಅಜ್ಜಿ ಸೆರಗಿನ ಮ್ಯಾಲ ಮಲಗಲಿ ಅಂತ ಇಟ್ಟೆ. ಕಸ್ತೂರಿಗೆ ಮೊದಲ ದಿನಾನ ಹೇಳೇನಿ. ನೀವು ಕೇಳಿದ್ರ ನಿಮಗೂ ಹೇಳತಿದ್ದೆ."

"ಮತ್ತ ಈ ಹಸಿರು?"

"ನನ್ನ ಸೀರೀದು. ಅಲ್ಲಿ ನಿಮ್ಮ ಬಟ್ಟಿ ಸಾಲಲಿಲ್ಲ. ಅದಕ್ಕ ಹೊಂದೋ ಬಣ್ಣದ ತುಂಡೂ ನನ್ನ ಹತ್ರ ಇತ್ತು. ಹಚ್ಚಿದ್ರ ಯಾರಿಗೂ ತಿಳೀತಿರಲಿಲ್ಲ. ಅದಕ್ಕ ಹಚ್ಚಲಿಲ್ಲ."

ಕಸ್ತೂರಿ ಕಣ್ಣೊರೆಸಿಕೊಂಡು ಹೇಳಿದಳು: "ಕತಿಯೊಳಗೂ ಹಂಗ, ಅಪ್ಪಾ. ಫಕೀರವ್ವ ತನಗ ಗೊತ್ತಿರಲಾರದ ಕಡೆ, ಇದು ನನ್ನ ತ್ಯಾಪಿ ಮಗಳ ಅಂತ ಹೇಳೇ ಮುಂದ ಹೋಗ್ತಾಳ. ನೀವು ಗಿರಾಕಿ ನಡುವ ಅರ್ಧ ಕೇಳಿ, ಉಳದರ್ಧ ನೀವ ಹುಟ್ಟಿಸಿಕೊಂಡ್ರಿ."

ಮುರಿಗೆಪ್ಪನ ದನಿ ಇಳಿಯಿತು. "ಅಂಗಡ್ಯಾಗ ಹೊಸಾ ಕೆಂಪು ರೇಷ್ಮಿ ಐತಿ. ಎಷ್ಟು ಬೇಕು ತಗೋ, ಫಕೀರವ್ವ. ತೂತು ಮುಚ್ಚಿಬಿಡು."

"ಕೆಂಪು ಬ್ಯಾಡ್ರಿ. ಕೆಂಪು ಹಚ್ಚಿದ್ರ ಹರದದ್ದ ಕಾಣೂದಿಲ್ಲ. ನಿಮ್ಮ ರುಮಾಲಿಂದ ಒಂದು ತುಂಡು ಕೊಡ್ರಿ."

ಮಗಳ ಮುಂದೆ, ಗಲಾಟೆ ಕೇಳಿ ಬಾಗಿಲಿಗೆ ಬಂದ ಇಬ್ಬರು ಗಿರಾಕಿಗಳ ಮುಂದೆ, ಮುರಿಗೆಪ್ಪ ತಲೆಯ ಬಿಳಿ ರುಮಾಲು ಬಿಚ್ಚಿ ಅದರ ತುದಿಯ ಚುಂಗು ಹರಿದು ಕೊಟ್ಟ. ಫಕೀರವ್ವ ಕೆಂಪು ಎಳೆಗಳನ್ನೆಲ್ಲ ಕೂಡಿಸಿ ಆ ಬಿಳಿ ತುಂಡಿನ ಕೆಳಗಿಟ್ಟು ಹೊಲಿದಳು. ಕತೆಯನ್ನೂ ಅಲ್ಲಿಗೆ ಮುಗಿಸಿದಳು.

ನಾಲ್ಕು ವರ್ಷಗಳ ನಂತರ ಮೊಮ್ಮಗಳು ಆ ಕೌದಿಯ ಮೇಲೆ ಕುಳಿತು ಒಂದೊಂದೇ ತುಂಡಿನ ಮೇಲೆ ಬೆರಳಿಡುತ್ತಿದ್ದಳು.

"ಅಜ್ಜಾ, ಈ ಹಸಿರು ಯಾರದು?"

"ಫಕೀರವ್ವ ಆಯೀದು."

"ಈ ಬಿಳೀದು?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮುರಿಗೆಪ್ಪ ಏನು ಬೇಕಾದರೂ ಹೇಳಬಹುದಿತ್ತು.

"ಅದು ನಂದು, ಕೂಸ. ಅಲ್ಲಿ ನಿಮ್ಮಜ್ಜಿ ಸೆರಗಿತ್ತು. ನಾ ಕೇಳಲಾರದ ಹರದೆ."

ನೀತಿ: ಕೌದಿಯಲ್ಲಾಗಲಿ ಕತೆಯಲ್ಲಾಗಲಿ, ತನ್ನ ತೇಪೆಯನ್ನು ಎಲ್ಲರಿಗೂ ಕಾಣುವಂತೆ ಹಚ್ಚುವವರು ನಂಬಿಕೆಗೆ ಅರ್ಹರು. ಸಂಶಯ ಬರುವುದು ತಪ್ಪಲ್ಲ. ಆದರೆ ಕೇಳಿ ತಿಳಿಯಬಹುದಾದದ್ದನ್ನು ಹರಿದು ತಿಳಿಯಲು ಹೋಗಬಾರದು.