ಹದಿನಾಲ್ಕು ಪಿಚ್ಚರ್, ಒಂದೇ ಶೋ

ಈ ಸುತ್ತಮುತ್ತ ಪ್ರೊಜೆಕ್ಟರ್ ಓಡಿಸೋಕೆ ನೆಟ್ಟಗೆ ಗೊತ್ತಿದ್ದೋನು ನಾನೊಬ್ನೇ. ಮಿಕ್ಕೋರೆಲ್ಲ ಸುಮ್ನೆ ಸ್ವಿಚ್ ಒತ್ತೋರು.

ನಮ್ಮ ಟಾಕೀಸು ಪ್ರೊಡ್ಯೂಸರ್ ಪುಟ್ಟಮಾದಪ್ಪನೋರದ್ದು. ಅವರ ಸನ್ಮಾನದ ದಿನ ಬೆಳಿಗ್ಗೆ ಬಂದು ಅಂದ್ರು, "ನಾನು ತೆಗೆದ ಹದಿನಾಲ್ಕು ಪಿಚ್ಚರೂ ಇವತ್ತೇ ಓಡ್ಬೇಕು. ಒಂದಡಿ ರೀಲು ಕತ್ತರಿಸಿದ್ರೂ ಆಪರೇಟರ್ ನಾಳೆಯಿಂದ ಬರೋದು ಬ್ಯಾಡ."

ಆಪರೇಟರ್ ಅಂದ್ರೆ ನಾನು. ಹೊಸ ಮ್ಯಾನೇಜರ್ ಬೆವೆತುಹೋದ. "ಎರಡು ದಿನ ಹಿಡೀತದಲ್ಲಯ್ಯ," ಅಂದ.

"ಊಟಕ್ಕೆ ಮುಂಚೆ ಮುಗಿಸ್ತೀನಿ, ನೀವು ಎಲೆ ಹಾಕ್ಸಿ," ಅಂದೆ.

ಪುಟ್ಟಮಾದಪ್ಪನೋರು ಪ್ರತಿ ಪಿಚ್ಚರ್‌ಗೂ ಮುಹೂರ್ತ ಜೋರಾಗಿ ಮಾಡೋರು. ಕ್ಯಾಮೆರಾಗೆ ಪೂಜೆ, ಈಡುಗಾಯಿ, ಹೀರೋ ದೇವರಿಗೆ ಕೈಮುಗಿಯೋ ಒಂದು ಶಾಟು, ಪೇಪರಲ್ಲಿ ಫೋಟೋ. ಅಲ್ಲಿಗೆ ಆ ಪಿಚ್ಚರ್ ಕಥೆ ಮುಗೀತು. ಹದಿನಾಲ್ಕು ತೆಗೆದೆ ಅಂತ ಹೇಳಿ ಹೇಳಿ ಅವರೇ ನಂಬಿಬಿಟ್ಟಿದ್ರು.

ಆ ಹದಿನಾಲ್ಕು ಶಾಟನ್ನೂ ಒಂದೇ ರೀಲಿಗೆ ಅಂಟಿಸಿ ಓಡಿಸಿದೆ. ಹದಿನಾಲ್ಕು ಜನ ಹೀರೋಗಳು ಒಂದೇ ಗಣೇಶನ ಫೋಟೋಗೆ ಕೈಮುಗಿದ್ರು. ಒಂಬತ್ತು ನಿಮಿಷಕ್ಕೆ ಲೈಟ್ ಹಾಕಿದೆ.

"ಉಳಿದಿದ್ದೆಲ್ಲೋ?" ಅಂತ ಪುಟ್ಟಮಾದಪ್ಪನೋರು ಗುಡುಗಿದ್ರು.

"ನೀವು ತೆಗೆದಿದ್ದಷ್ಟೂ ಹಾಕಿದೀನಿ ಬುದ್ಧೀ, ಒಂದಡಿ ಕತ್ತರಿಸಿಲ್ಲ. ಉಳಿದಿದ್ದು ತೆಗೆದು ಕೊಡಿ, ಅದನ್ನೂ ಓಡಿಸ್ತೀನಿ."

ಬಂದೋರೆಲ್ಲ ಅವರ ಮುಖಾನೇ ನೋಡ್ತಾ ಕೂತ್ರು. ಪುಟ್ಟಮಾದಪ್ಪನೋರು ಶಾಲು ಸರಿಮಾಡ್ಕೊಂಡು ಎದ್ದುನಿಂತ್ರು.

"ನೋಡಿ, ಜನಕ್ಕೆ ಬೇಜಾರಾಗೋ ಹಂಗೆ ನಾನ್ಯಾವತ್ತೂ ಪಿಚ್ಚರ್ ಎಳೆದೋನಲ್ಲ."