ಅವರೆಕಾಳು ಹಿತಕಿದ ಸಂಜೆ

ಕಂಟ್ರಾಕ್ಟರ್ ಶಿವನಂಜಪ್ಪನವರು ತಮ್ಮ ಮೊಬೈಲಿನಿಂದ ತಲೆ ಎತ್ತದೆಯೇ ಅಡುಗೆಯ ಪುಟ್ಟತಾಯಮ್ಮನನ್ನು ಗದರಿದರು. "ಸಂಜೆಯೊಳಗೆ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಸ್ವಾಮಿ" ಎಂದವಳೇ ಒಳಗೆ ಹೋಗಿ ಅವರೆಕಾಳು ನೆನೆಹಾಕಿದಳು.

ಸಂಜೆ ಆ ದೊಡ್ಡ ಪಾತ್ರೆಯನ್ನು ನಡುಮನೆಗೆ ತಂದಿಟ್ಟಳು. "ರಾತ್ರಿಗೆ ಹಿತಕಿದ ಬೇಳೆ ಸಾರು. ನನ್ನೊಬ್ಬಳ ಕೈಲಿ ಆಗಲ್ಲ. ಸಾರು ಬೇಕಾದವರೆಲ್ಲ ಸಿಪ್ಪೆ ಬಿಡಿಸೋಕೆ ಬನ್ನಿ."

ಆ ಸಾರೆಂದರೆ ಯಜಮಾನರಿಗೆ ಪ್ರಾಣ. ಅವರೇ ಮೊದಲು ಕೂತರು. ಮಗ, ಮಗಳು ಇಬ್ಬರೂ ಗೊಣಗುತ್ತಲೇ ಬಂದರು. ಮಗಳು ಒಂದು ಕಾಳು ಹಿಸುಕಿದ್ದೇ ತಡ, ಬೇಳೆ ಚಿಮ್ಮಿ ಅಪ್ಪನ ಮೂಗಿಗೆ ಬಡಿಯಿತು. ಮಕ್ಕಳಿಬ್ಬರೂ ಬೆಚ್ಚಿ ಅಪ್ಪನ ಮುಖ ನೋಡಿದರು. ಅಪ್ಪ ಗುರಿಯಿಟ್ಟು ತಾವೂ ಒಂದು ಹಾರಿಸಿದರು! ಮನೆಯೆಲ್ಲ ನಗು.

ಅಷ್ಟರಲ್ಲಿ ಯಜಮಾನರ ಮೊಬೈಲ್ ಬಡಿದುಕೊಂಡಿತು.

"ಕೈಯೆಲ್ಲ ಲೋಳೆ, ಮುಟ್ಟಬೇಡಿ ಅಪ್ಪಾ" ಎಂದ ಮಗ. ಅದು ಕೂಗಿ ಕೂಗಿ ಸುಮ್ಮನಾಯಿತು.

ಊಟವಾದ ಮೇಲೆ ಶಿವನಂಜಪ್ಪನವರು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಮಗಳು ಹೀಗೆ ನಕ್ಕಿದ್ದು ಕೇಳಿ ಎಷ್ಟು ಕಾಲವಾಗಿತ್ತಮ್ಮಾ! ಆದರೆ ನಾನು ಹೇಳಿದ್ದು ಮಕ್ಕಳ ಕೈಯಿಂದ ಮೊಬೈಲ್ ಬಿಡಿಸು ಅಂತ. ನನ್ನ ಕೈಯಿಂದಲೂ ಬಿಡಿಸಿದೆಯಲ್ಲ?"

"ನೀವು ಬಿಟ್ಟರಲ್ವಾ ಸ್ವಾಮಿ, ಅವರೂ ಬಿಡೋದು?"

ಯಜಮಾನರು ಕೈ ಮುಗಿದರು.