ದೂರು ಪೆಟ್ಟಿಗೆಯೂ ಶೌಚಾಲಯದ ಬಾಗಿಲೂ

ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಮ್ಯಾನೇಜರನ ಮೇಜಿನ ಎದುರಿಗೇ ದೂರು ಪೆಟ್ಟಿಗೆಯನ್ನು ಗೋಡೆಗೆ ಜಡಿದಿದ್ದರು. ಅದು ಒಂದು ದಿನ ಪಕ್ಕದ ಹೆಂಗಸರ ಶೌಚಾಲಯದ ಬಾಗಿಲಿಗೆ ಹೇಳಿತು: “ನಾನು ಬಂದು ಎರಡು ವರ್ಷವಾಯಿತು. ಒಂದು ಚೀಟಿಯೂ ಬಿದ್ದಿಲ್ಲ. ನಮ್ಮ ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯವರು ನನ್ನನ್ನು ತೆರೆದು ನೋಡಿ, ಇಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಬರೆದುಕೊಂಡು ಹೋದರು.”

“ನನ್ನ ಒಳಬದಿಯನ್ನು ಅವರು ನೋಡಲಿಲ್ಲ,” ಎಂದಿತು ಬಾಗಿಲು. “ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಹೆಂಗಸರು ಅಲ್ಲಿ ಬರೆಯುತ್ತಾರೆ. ಸೂಪರ್‌ವೈಸರ್ ಜಡೆ ಹಿಡಿದೆಳೆದದ್ದು, ಮಗುವಿಗೆ ಜ್ವರವೆಂದರೂ ರಜೆ ಕೊಡದಿದ್ದದ್ದು, ಎಲ್ಲ ಇದೆ. ಇನ್ನು ಬರೆಯಲು ಜಾಗವಿಲ್ಲ.”

“ಹಾಗಿದ್ದರೆ ಅವರು ನನಗೇಕೆ ಹೇಳಲಿಲ್ಲ?”

“ನನ್ನ ಒಳಚಿಲಕ ಹೆಂಗಸರ ಕೈಯಲ್ಲಿದೆ. ನಿನ್ನ ಬೀಗದ ಕೈ ಮ್ಯಾನೇಜರನ ಕಿಸೆಯಲ್ಲಿದೆ.”

ಮರುವಾರ ವಿದೇಶಿಯರು ಮತ್ತೆ ಬರುವ ಸುದ್ದಿ ಬಂತು. ಮ್ಯಾನೇಜರ್ ಪೆಟ್ಟಿಗೆಯ ಧೂಳು ಒರೆಸಿಸಿದ, ಬಾಗಿಲಿಗೆ ಒಳಗೂ ಹೊರಗೂ ಬಣ್ಣ ಬಳಿಸಿದ. ಅಕ್ಷರಗಳೆಲ್ಲ ಮುಚ್ಚಿಹೋದವು.

ಅಂದು ಮೊದಲ ಬಾರಿಗೆ ಪೆಟ್ಟಿಗೆಗೇ ಒಂದು ದೂರು ಹೇಳಬೇಕೆನಿಸಿತು. ಎದುರಿಗೆ ಮ್ಯಾನೇಜರ್ ಕೂತಿದ್ದ. ಪೆಟ್ಟಿಗೆಯ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ.